ಪೂಜೆಗೆ ಮೊದಲು ಒಂದು ಹನಿ ಎಣ್ಣೆ

ಕೈಲ್ ಮುಹೂರ್ತ ಬಂತು. ಹಿಂದೆಯೇ ಆಯುಧ ಪೂಜೆ. ಮಳೆಗಾಲವಿಡೀ ಬೀರುವಿನಲ್ಲಿ ಮಲಗಿದ್ದ ಪಿಸ್ತೂಲು ಹೊರಗೆ ಬರುವ ಹೊತ್ತು. ಕುಂಕುಮ ಇಡುವ ಮುನ್ನ ಅದನ್ನು ಖಾಲಿ ಮಾಡಬೇಕು, ಬಿಚ್ಚಬೇಕು, ಒರೆಸಬೇಕು, ಹದವಾಗಿ ಎಣ್ಣೆ ಹಾಕಬೇಕು. ಈ ಒಂದು ಗಂಟೆಯ ಶಿಸ್ತು ತಪ್ಪಿದರೆ ಹೂವು, ಗಂಧ ಯಾವುದೂ ಆಯುಧವನ್ನು ಕಾಯುವುದಿಲ್ಲ, ಮನೆಯವರನ್ನೂ ಕಾಯುವುದಿಲ್ಲ.

ಸೆಪ್ಟೆಂಬರ್ 2ರ ಮಧ್ಯಾಹ್ನ. ಕೊಡಗಿನ ನಾಪೋಕ್ಲು ಕಡೆಯ ಒಂದು ಮನೆಯ ಜಗಲಿ. ಬೆಳಗಿನಿಂದ ಹೊಡೆದ ಮಳೆ ಈಗಷ್ಟೇ ಹೊಳವಾಗಿದೆ. ಮರುದಿನ ಹಬ್ಬ. ಒಳಗೆ ಕಡಂಬುಟ್ಟಿಗೆ ಅಕ್ಕಿತರಿ ಸಿದ್ಧವಾಗುತ್ತಿದೆ.

ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿದೆ. ಅದರ ಮೇಲೆ ಕಂಚಿನ ಬ್ರಷ್ಷು, ಬಿಳಿ ಬಟ್ಟೆಯ ಚೂರುಗಳು, ಬೆರಳುದ್ದದ ಎಣ್ಣೆ ಬಾಟಲಿ. ಗೋಡೆಗೆ ಜೋಡುನಳಿಗೆ ಕೋವಿ ಒರಗಿದೆ. ಮೇಜಿನ ನಡುವೆ ಅಂಗೈಯಗಲದ ಕಪ್ಪು ಪಿಸ್ತೂಲು. ಪಾಯಿಂಟ್ 32, ಪರವಾನಗಿ ಪಡೆದದ್ದು.

ಸೇನೆಯಿಂದ ನಿವೃತ್ತರಾದ ಅಜ್ಜ ಕನ್ನಡಕ ಏರಿಸಿಕೊಂಡು ಮ್ಯಾಗಜಿನ್ ಹೊರತೆಗೆಯುತ್ತಾರೆ. ಸ್ಲೈಡನ್ನು ಪೂರ್ತಿ ಹಿಂದಕ್ಕೆಳೆದು ನಿಲ್ಲಿಸುತ್ತಾರೆ. ಚೇಂಬರಿನೊಳಗೆ ಇಣುಕುತ್ತಾರೆ, ಕಿರುಬೆರಳು ಹಾಕಿ ನೋಡುತ್ತಾರೆ. ಆಮೇಲೆ ಹಬ್ಬಕ್ಕೆ ಬಂದ ಮೊಮ್ಮಗಳ ಕಡೆ ತಿರುಗುತ್ತಾರೆ.

‘ನಾನು ನೋಡಿದ್ದಾಯ್ತು. ಈಗ ನೀನು ನೋಡವ್ವ.’

‘ನೀವೇ ನೋಡಿದ್ರಲ್ಲ ಅಜ್ಜಯ್ಯ?’

‘ಎನ್‌ಸಿಸಿಯಲ್ಲಿ ಜಾಂಚ್ ಶಸ್ತ್ರ ಅಂತ ಕೂಗೋದು ಯಾಕೆ ಮತ್ತೆ? ಒಬ್ಬರ ಕಣ್ಣು ತಪ್ಪಬಹುದು. ನೋಡು.’

ಅವಳು ಬಗ್ಗಿ ನೋಡುತ್ತಾಳೆ. ಖಾಲಿ. ಕೆಲಸ ಶುರುವಾಗುವುದು ಅಲ್ಲಿಂದಾಚೆಗೆ.

ಹಬ್ಬಕ್ಕೂ ತುಕ್ಕಿಗೂ ಒಂದೇ ಕಾಲ

ಭತ್ತದ ನಾಟಿ ಮುಗಿದ ಮೇಲೆ ಕೊಡಗಿನಲ್ಲಿ ಕೈಲ್ ಮುಹೂರ್ತ ಬರುತ್ತದೆ. ಗದ್ದೆ ಕೆಲಸದ ದಿನಗಳಲ್ಲಿ ಒಳಗೆ ಇಟ್ಟಿದ್ದ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಹೊರತೆಗೆದು ದೀಪದ ಮುಂದೆ ಇಡುತ್ತಾರೆ. ಕೋವಿಯ ತುದಿಗೆ ತೋಕ್ ಪೂ ಸಿಕ್ಕಿಸುತ್ತಾರೆ. ಕೆಂಪು ಹಳದಿ ಜ್ವಾಲೆಯಂತೆ ಅರಳುವ ಆ ಹೂವು ಕಾಡಂಚಿನಲ್ಲಿ ಬಿಡುವುದೂ ಇದೇ ಕಾಲಕ್ಕೆ. ಪೂಜೆ ಮುಗಿದ ಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ.

ಕೊಡವರ ಬದುಕಿನ ಘಟ್ಟಗಳಿಗೆಲ್ಲ ಕೋವಿ ಸಾಕ್ಷಿ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಕೋವಿ ಸದ್ದು ಮಾಡಲೇಬೇಕು.

ಆದರೆ ಹಬ್ಬದ ಹಿಂದಿನ ಮೂರು ತಿಂಗಳು ಉಕ್ಕಿಗೆ ಒಳ್ಳೆಯದಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಸುರಿಯುತ್ತದೆ. ಬಟ್ಟೆ ಒಣಗದ, ಚಪ್ಪಲಿಗೆ ಬೂಸ್ಟು ಹತ್ತುವ ಆ ದಿನಗಳಲ್ಲಿ ಮುಚ್ಚಿದ ಬೀರುವಿನೊಳಗೂ ತೇವ ಸೇರುತ್ತದೆ.

ಪಿಸ್ತೂಲಿಗೆ ಇನ್ನೂ ಒಂದು ಕಷ್ಟವಿದೆ. ಕೋವಿ ಗೋಡೆಗೋ ಸ್ಟ್ಯಾಂಡಿಗೋ ಒರಗಿ ಗಾಳಿ ಕಾಣುತ್ತದೆ. ಪಿಸ್ತೂಲನ್ನು ಜನ ಚರ್ಮದ ಹೋಲ್‌ಸ್ಟರ್‌ನಲ್ಲೇ ಬಿಟ್ಟು ಬೀಗ ಹಾಕುತ್ತಾರೆ. ಚರ್ಮ ತೇವ ಹೀರಿ ಹಿಡಿದಿಡುತ್ತದೆ. ಹದ ಮಾಡುವಾಗ ಬಳಸಿದ ರಾಸಾಯನಿಕಗಳ ಅಂಶವೂ ಅದರಲ್ಲಿ ಉಳಿದಿರುತ್ತದೆ. ಎರಡೂ ಸೇರಿ ಮಳೆಗಾಲವಿಡೀ ಉಕ್ಕಿಗೆ ಒತ್ತಿಕೊಂಡಿದ್ದರೆ ಹೋಲ್‌ಸ್ಟರ್ ತಗುಲಿದ ಕಡೆಯೆಲ್ಲ ಕೆಂಪು ಚುಕ್ಕೆ ಏಳುತ್ತದೆ. ಬೆವರುಗೈಯಲ್ಲಿ ಮುಟ್ಟಿ ಒರೆಸದೆ ಇಟ್ಟರೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಮೂಡುತ್ತದೆ.

ಚುನಾವಣೆ ಬಂದಾಗ ಪರವಾನಗಿದಾರರು ಆಯುಧಗಳನ್ನು ಠಾಣೆಗೋ ಅಧಿಕೃತ ಮಾರಾಟಗಾರರಿಗೋ ಒಪ್ಪಿಸಬೇಕಾಗುತ್ತದೆ. ವಾರಗಟ್ಟಲೆ ಕೋಣೆಯೊಂದರಲ್ಲಿ ಇದ್ದು ಮರಳಿ ಬಂದ ಪಿಸ್ತೂಲಿಗೂ ಇದೇ ಆರೈಕೆ ಬೇಕು. ಒಪ್ಪಿಸುವ ಮುನ್ನ ತೆಳ್ಳಗೆ ಎಣ್ಣೆ ಸವರಿ ಕೊಟ್ಟರೆ ಅರ್ಧ ತೊಂದರೆ ಅಲ್ಲಿಗೇ ಕಳೆಯುತ್ತದೆ.

ಮ್ಯಾಗಜಿನ್ ತೆಗೆದರೆ ಖಾಲಿಯಾಗಲಿಲ್ಲ

ಜೋಡುನಳಿಗೆ ಕೋವಿಯನ್ನು ಬಾಗಿಸಿ ತೆರೆದರೆ ಎರಡು ತೂತುಗಳ ಆಚೆ ಬೆಳಕು ಕಾಣುತ್ತದೆ. ತೋಟಾ ಇದೆಯೋ ಇಲ್ಲವೋ ಎಂಬ ಅನುಮಾನಕ್ಕೆ ಜಾಗವಿಲ್ಲ. ಸೆಮಿ ಆಟೋಮ್ಯಾಟಿಕ್ ಪಿಸ್ತೂಲು ಹಾಗಲ್ಲ. ಮ್ಯಾಗಜಿನ್ ಕೈಗೆ ಬಂದ ಮೇಲೂ ಒಂದು ಗುಂಡು ಚೇಂಬರಿನಲ್ಲಿ ಉಳಿದಿರಬಹುದು. ಹೊರಗಿನಿಂದ ಅದು ಕಾಣದು. ಮನೆಯಲ್ಲಿ ಪಿಸ್ತೂಲು ಒರೆಸುವಾಗ ಆಗುವ ಅನಾಹುತದ ಮೂಲ ಈ ಕಾಣದ ಗುಂಡು.

ಹಾಗಾಗಿ ಕ್ರಮ ಮುಖ್ಯ. ಮೊದಲು ಮ್ಯಾಗಜಿನ್, ಆಮೇಲೆ ಸ್ಲೈಡ್. ಇದು ಹಿಂದುಮುಂದಾದರೆ ಏನಾಗುತ್ತದೆ ನೋಡಿ. ಮ್ಯಾಗಜಿನ್ ಒಳಗಿರುವಾಗ ಸ್ಲೈಡ್ ಎಳೆದರೆ ಚೇಂಬರಿನ ಗುಂಡು ಹೊರಗೆ ಹಾರುತ್ತದೆ. ಸ್ಲೈಡ್ ಮುಂದೆ ಬರುವಾಗ ಮ್ಯಾಗಜಿನ್‌ನಿಂದ ಇನ್ನೊಂದು ಗುಂಡನ್ನು ತಳ್ಳಿಕೊಂಡು ಬಂದು ಅದೇ ಜಾಗದಲ್ಲಿ ಕೂರಿಸುತ್ತದೆ. ಆಮೇಲೆ ಮ್ಯಾಗಜಿನ್ ತೆಗೆದವನು ‘ಖಾಲಿಯಾಯಿತು’ ಎಂದುಕೊಳ್ಳುತ್ತಾನೆ. ಅವನ ಕೈಯಲ್ಲಿರುವುದು ತುಂಬಿದ ಪಿಸ್ತೂಲು.

ಕೆಲವು ಮಾದರಿಗಳನ್ನು ಬಿಚ್ಚಬೇಕಾದರೆ ಟ್ರಿಗರ್ ಒತ್ತಲೇಬೇಕು. ಗ್ಲಾಕ್ ಅಂಥದ್ದು. ಅಲ್ಲಿ ಚೇಂಬರ್ ನೋಡದ ತಪ್ಪಿಗೆ ಕ್ಷಮೆಯೇ ಇಲ್ಲ.

ಗುಂಡುಗಳನ್ನು ಬೇರೆ ಕೋಣೆಯಲ್ಲಿ ಇಟ್ಟು ಬನ್ನಿ. ನಳಿಗೆಯ ಬಾಯಿ ಸದಾ ಜನರಿಲ್ಲದ ದಿಕ್ಕಿಗಿರಲಿ. ಮಕ್ಕಳು ಹತ್ತಿರ ಬೇಡ. ಫೋನು ಬಂದರೆ, ಯಾರಾದರೂ ಬಾಗಿಲು ತಟ್ಟಿದರೆ ಎದ್ದು ಹೋಗಿ. ಆದರೆ ಮರಳಿ ಕೂತಾಗ ಮೊದಲಿನಿಂದ ಮತ್ತೆ ನೋಡಿ.

---
ಬದಿನೋಟ: ಮರೆಯಬಾರದ ನಾಲ್ಕು

ಅಮೆರಿಕದ ನೌಕಾ ಪದಾತಿ ದಳದ ಅಧಿಕಾರಿಯಾಗಿದ್ದ ಜೆಫ್ ಕೂಪರ್ ಅಳವಡಿಸಿದ ನಾಲ್ಕು ಸೂತ್ರಗಳು ಇಂದು ಜಗತ್ತಿನ ಶೂಟಿಂಗ್ ರೇಂಜುಗಳಲ್ಲೆಲ್ಲ ಪಾಠ:

- ಪ್ರತಿ ಆಯುಧವೂ ತುಂಬಿದೆ ಎಂದೇ ತಿಳಿಯಿರಿ.
- ಹೊಡೆಯಬಾರದ್ದರ ಕಡೆಗೆ ನಳಿಗೆ ತಿರುಗಿಸಬೇಡಿ.
- ಗುರಿ ಹಿಡಿಯುವವರೆಗೆ ಬೆರಳು ಟ್ರಿಗರಿನಿಂದ ದೂರ.
- ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಗೊತ್ತಿರಲಿ.
---

ಬ್ರೌನಿಂಗ್ ಕೊಟ್ಟ ಸ್ಲೈಡು

ಪಿಸ್ತೂಲು ಯಾಕೆ ಇಷ್ಟು ಬೇಗ ಕೊಳೆಯಾಗುತ್ತದೆ? ಉತ್ತರ ಅದರ ರಚನೆಯಲ್ಲೇ ಇದೆ.

ನಾವಿಂದು ಕಾಣುವ ಪಿಸ್ತೂಲಿನ ಆಕಾರ ಅಮೆರಿಕದ ಜಾನ್ ಮೋಸಸ್ ಬ್ರೌನಿಂಗ್ ಅವರ ಕೊಡುಗೆ. ನಳಿಗೆಯನ್ನು ಮುಚ್ಚಿಕೊಂಡು ಹಿಂದೆ ಮುಂದೆ ಓಡುವ ಸ್ಲೈಡನ್ನು ಮೊದಲು ಮಾರುಕಟ್ಟೆಗೆ ತಂದದ್ದು ಅವರು ಬೆಲ್ಜಿಯಂನ ಎಫ್‌ಎನ್ ಕಂಪನಿಗಾಗಿ ರೂಪಿಸಿದ 1900ರ ಮಾದರಿ. ಭಾರತದಲ್ಲಿ ನಾಗರಿಕರಿಗೆ ಸಿಗುವ ಪಾಯಿಂಟ್ 32 ಗುಂಡು, ಅಂದರೆ 7.65 ಮಿ.ಮೀ., ಅವರದೇ ವಿನ್ಯಾಸ. ನಮ್ಮ ಆರ್ಡನನ್ಸ್ ಕಾರ್ಖಾನೆಗಳ ‘ಅಶನಿ’ ಪಿಸ್ತೂಲು ಹಾರಿಸುವುದು ಇದೇ ಗುಂಡನ್ನು. ನಮ್ಮ ಸೇನೆ, ಪೊಲೀಸರು ದಶಕಗಳಿಂದ ಬಳಸಿದ ಇಛಾಪುರದ 9 ಮಿ.ಮೀ. ಪಿಸ್ತೂಲೂ ಬ್ರೌನಿಂಗ್ ಹೈ ಪವರ್‌ನ ರೂಪವೇ.

ಗುಂಡು ಹಾರಿದಾಗ ಅನಿಲದ ಒತ್ತಡ ಖಾಲಿ ತೋಟಾವನ್ನು ಹಿಂದಕ್ಕೆ ಒದೆಯುತ್ತದೆ. ಆ ಬಲಕ್ಕೆ ಸ್ಲೈಡ್ ಹಿಂದೆ ಸರಿದು, ತೋಟಾ ಹೊರಗೆಸೆದು, ಸ್ಪ್ರಿಂಗಿನ ಬಲದಿಂದ ಮುಂದೆ ಬರುವಾಗ ಹೊಸ ಗುಂಡನ್ನು ತುಂಬಿಕೊಳ್ಳುತ್ತದೆ. ಇದಿಷ್ಟೂ ಕಣ್ಣೆವೆ ಇಕ್ಕುವುದರೊಳಗೆ. ಪ್ರತಿ ಸಲವೂ ಒಂದಿಷ್ಟು ಬಿಸಿ ಮಸಿ ಒಳಕ್ಕೇ ನುಗ್ಗುತ್ತದೆ. ನಳಿಗೆಯೊಳಗೆ ಸೀಸ, ತಾಮ್ರದ ತೆಳು ಪದರ ಅಂಟುತ್ತದೆ. ಮದ್ದಿನ ಮಸಿ, ಹಳೆಯ ಎಣ್ಣೆ, ಧೂಳು ಮೂರೂ ಬೆರೆತರೆ ಜಿಗುಟಾದ ಕಪ್ಪು ಕಿಟ್ಟ. ಸ್ಲೈಡಿನ ಓಟ ನಿಧಾನವಾದರೆ ಖಾಲಿ ತೋಟಾ ಹೊರಬೀಳದೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ.

---
ಬದಿನೋಟ: ಆರು ಸಾವಿರ ಗುಂಡು

1911ರ ಮಾರ್ಚ್. ಅಮೆರಿಕದ ಸೇನೆಗೆ ಹೊಸ ಪಿಸ್ತೂಲು ಬೇಕಿತ್ತು. ಬ್ರೌನಿಂಗ್ ರೂಪಿಸಿದ ಕೋಲ್ಟ್ ಒಂದು ಕಡೆ, ಸ್ಯಾವೇಜ್ ಇನ್ನೊಂದು ಕಡೆ. ಎರಡು ದಿನಗಳಲ್ಲಿ ಒಂದೊಂದರಿಂದಲೂ 6,000 ಗುಂಡು. ನೂರು ಗುಂಡಿಗೊಮ್ಮೆ ವಿರಾಮ, ಸಾವಿರಕ್ಕೊಮ್ಮೆ ಒರೆಸಿ ಎಣ್ಣೆ. ಮುಟ್ಟಲಾಗದಷ್ಟು ಬಿಸಿಯಾದರೆ ನೀರಿನಲ್ಲಿ ಅದ್ದುತ್ತಿದ್ದರು. ಸ್ಯಾವೇಜ್ 37 ಸಲ ಕೈಕೊಟ್ಟಿತು. ಕೋಲ್ಟ್ ಒಮ್ಮೆಯೂ ತಡವರಿಸಲಿಲ್ಲ. ಅದೇ ತಿಂಗಳು ‘ಎಂ1911’ ಸೇನೆಗೆ ಸೇರಿತು. ಅಂಥ ಗಟ್ಟಿ ಯಂತ್ರಕ್ಕೂ ಸಾವಿರ ಗುಂಡಿಗೊಮ್ಮೆ ಆರೈಕೆ ತಪ್ಪಲಿಲ್ಲ.
---

ಮೇಜಿನ ಮೇಲೆ ನಾಲ್ಕು ತುಂಡು

ಮನೆಯಲ್ಲಿ ಪಿಸ್ತೂಲನ್ನು ಪೂರ್ತಿ ಕಳಚುವ ಅಗತ್ಯವಿಲ್ಲ. ಸ್ಲೈಡ್, ನಳಿಗೆ, ಸ್ಪ್ರಿಂಗ್, ಫ್ರೇಮ್ ಬೇರೆಯಾದರೆ ಸಾಕು. ಬಿಚ್ಚುವ ರೀತಿ ಮಾದರಿಯಿಂದ ಮಾದರಿಗೆ ಬೇರೆ. ಜೊತೆಗೆ ಬಂದ ಕೈಪಿಡಿಯನ್ನು ಎದುರಿಗಿಟ್ಟುಕೊಳ್ಳಿ. ಅದರಾಚೆಗಿನ ಪಿನ್ನು, ಸ್ಕ್ರೂಗಳಿಗೆ ಕೈ ಹಾಕುವುದು ಅಧಿಕೃತ ದುರಸ್ತಿಗಾರರ ಕೆಲಸ. ಸ್ಪ್ರಿಂಗು ಒತ್ತಡದಲ್ಲಿರುತ್ತದೆ. ಕೈತಪ್ಪಿದರೆ ಮುಖಕ್ಕೇ ಚಿಮ್ಮುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ನಳಿಗೆಯಿಂದ ಶುರು. ಬಟ್ಟೆಯ ಚೂರನ್ನು ಸಾಲ್ವೆಂಟಿನಲ್ಲಿ ಅದ್ದಿ ಚೇಂಬರಿನ ಕಡೆಯಿಂದ ಬಾಯಿಯ ಕಡೆಗೆ ತಳ್ಳಿ. ಗುಂಡು ಹೋಗುವ ದಾರಿಯಲ್ಲೇ ಕೊಳೆಯೂ ಹೋಗಬೇಕು. ಹತ್ತು ನಿಮಿಷ ನೆನೆಯಲು ಬಿಡಿ. ಆಮೇಲೆ ಕಂಚಿನ ಬ್ರಷ್ಷನ್ನು ಅದೇ ದಿಕ್ಕಿನಲ್ಲಿ ನಾಲ್ಕಾರು ಸಲ ಆಡಿಸಿ. ಅರ್ಧದಲ್ಲಿ ಬ್ರಷ್ಷಿನ ದಿಕ್ಕು ಬದಲಿಸಬೇಡಿ. ಎಳೆಗಳು ಬಾಗಿ ಸಿಕ್ಕಿಕೊಳ್ಳುತ್ತವೆ. ಒಣ ಚೂರು ಹಾಕಿ ಎಳೆಯಿರಿ. ಮೊದಲ ಚೂರು ಕಾಡಿಗೆ ಬಣ್ಣಕ್ಕೆ ಬರುತ್ತದೆ, ಎರಡನೆಯದು ಬೂದು. ಬಿಳಿಯಾಗಿ ಬರುವವರೆಗೆ ಎಳೆಯಿರಿ. ಕೊನೆಗೆ ನಳಿಗೆಯನ್ನು ಬೆಳಕಿಗೆ ಹಿಡಿದರೆ ಒಳಗಿನ ಸುರುಳಿ ಗೆರೆಗಳು ತುದಿಯಿಂದ ತುದಿಗೆ ಹೊಳೆಯುತ್ತವೆ.

ಪೊಲೀಸರು, ಎನ್‌ಸಿಸಿಯವರು ಈ ಬಟ್ಟೆಚೂರಿಗೆ ‘ಚಿಂದಿ’ ಎನ್ನುತ್ತಾರೆ. ರೈಫಲ್ ಪಾಠದಲ್ಲಿ ಅದರ ಅಳತೆಯೂ ಕಟ್ಟುನಿಟ್ಟು. ಒರೆಸಲು 4×2 ಇಂಚು, ಎಣ್ಣೆ ಹಚ್ಚಲು 4×1½ ಇಂಚು. ಎಣ್ಣೆಯ ಚಿಂದಿ ಕಿರಿದಾಗಿರುವುದಕ್ಕೆ ಕಾರಣವಿದೆ. ಅದು ಬಿಗಿಯಾಗಿ ಉಜ್ಜದೆ ಸವರಿಕೊಂಡು ಹೋಗಬೇಕು.

ಸ್ಲೈಡಿನ ಒಳಮೈಯಲ್ಲಿ, ಗುಂಡಿನ ಹಿಂಭಾಗ ಒರಗುವ ಜಾಗದಲ್ಲಿ ಮಸಿ ದಪ್ಪಗೆ ಕಟ್ಟಿರುತ್ತದೆ. ಅಲ್ಲಿರುವ ಪುಟ್ಟ ಕೊಕ್ಕೆಯೇ ಖಾಲಿ ತೋಟಾವನ್ನು ಹಿಡಿದು ಹೊರಗೆಳೆಯುವುದು. ಅದರ ಸಂದಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸಿ. ಮ್ಯಾಗಜಿನ್‌ನ ಬಾಯಂಚನ್ನು ಒಣ ಬಟ್ಟೆಯಲ್ಲಿ ಒರೆಸಿ. ಅದು ಬಾಗಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಿಸಿ.

ಸಾಲ್ವೆಂಟು, ಸೀಮೆಎಣ್ಣೆ ಎರಡೂ ಬೇಗ ಹೊತ್ತಿಕೊಳ್ಳುತ್ತವೆ. ದೀಪ ಉರಿಯುವ ದೇವರ ಕೋಣೆಯಲ್ಲಾಗಲಿ ಅಡುಗೆಮನೆಯಲ್ಲಾಗಲಿ ಈ ಕೆಲಸ ಬೇಡ. ಗಾಳಿಯಾಡುವ ಜಗಲಿಯೇ ಸರಿ. ಮಸಿಯಲ್ಲಿ ಸೀಸವಿರುತ್ತದೆ. ನಡುವೆ ತಿಂಡಿ, ಕಾಫಿ ಮುಟ್ಟಬೇಡಿ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಎಣ್ಣೆ ಹನಿಗಳ ಲೆಕ್ಕ

ಹೆಚ್ಚಿನವರು ಎಡವುವುದು ಇಲ್ಲಿ. ಆಯುಧದ ಮೇಲಿನ ಪ್ರೀತಿ ಎಣ್ಣೆ ಬಾಟಲಿಯನ್ನು ಬಗ್ಗಿಸುತ್ತದೆ. ಸೋರುವಷ್ಟು ಎಣ್ಣೆ ಕುಡಿದ ಪಿಸ್ತೂಲು ಧೂಳನ್ನೂ ಮಸಿಯನ್ನೂ ಕರೆದು ಅಂಟಿಸಿಕೊಳ್ಳುತ್ತದೆ. ಒಣಗಿದ ಪಿಸ್ತೂಲು ತನ್ನನ್ನೇ ಸವೆಸಿಕೊಳ್ಳುತ್ತದೆ. ಇವೆರಡರ ನಡುವಿನ ಹದ ಕಲಿಯಬೇಕು.

ಲೋಹಕ್ಕೆ ಲೋಹ ಉಜ್ಜುವ ಕಡೆ ಎಣ್ಣೆ ಬೇಕು. ಸ್ಲೈಡ್ ಓಡುವ ಎರಡು ಕಂಬಿಗಳಿಗೆ ಒಂದೊಂದು ಹನಿ. ನಳಿಗೆಯ ಹೊರಮೈಯಲ್ಲಿ ಉಜ್ಜಿ ಹೊಳಪಾದ ಜಾಗಕ್ಕೆ ಒಂದು ಹನಿ ಹಾಕಿ ಬೆರಳಲ್ಲಿ ಸವರಿ. ಸವೆದು ಹೊಳೆಯುವ ಜಾಗ ಎಲ್ಲಿದೆಯೋ ಎಣ್ಣೆಯ ಜಾಗ ಅದೇ. ಉಳಿದ ಮೈಗೆ ಎಣ್ಣೆಯ ಬಟ್ಟೆ ಸೋಕಿಸಿದರೆ ಸಾಕು.

ಎಣ್ಣೆ ಸೇರಲೇಬಾರದ ಜಾಗಗಳೂ ಇವೆ. ಚೇಂಬರಿನೊಳಗೆ ಬೇಡ. ಮ್ಯಾಗಜಿನ್ ಒಳಗೆ ಬೇಡ. ಗುಂಡಿನ ಮೇಲಂತೂ ಬೇಡವೇ ಬೇಡ. ಎಣ್ಣೆ ತೋಟಾದ ತಳದ ಕೇಪಿನೊಳಕ್ಕೆ ಇಳಿದರೆ ಮದ್ದು ಹೊತ್ತದೆ ಹೋಗಬಹುದು. ಗುಂಡಿಗೆ ಬಡಿಯುವ ಮೊಳೆ ಓಡಾಡುವ ಕಿರುದಾರಿಯೂ ಒಣಗಿರಬೇಕು. ಅಲ್ಲಿ ಎಣ್ಣೆ ಗಟ್ಟಿಯಾದರೆ ಮೊಳೆಯ ಪೆಟ್ಟು ಸೋಲುತ್ತದೆ.

ಯಾವ ಎಣ್ಣೆ? ದೀಪಕ್ಕೆ ತಂದ ಕೊಬ್ಬರಿ ಎಣ್ಣೆ ಪಕ್ಕದಲ್ಲೇ ಇರುತ್ತದೆ, ಕೈ ಅದರ ಕಡೆಗೇ ಹೋಗುತ್ತದೆ. ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿ ಪಿಸ್ತೂಲಿನೊಳಗೆ ಅದು ಮೇಣವಾಗಿ ಕೂತಿರುತ್ತದೆ. ಹಳೆಯದಾದ ಅಡುಗೆ ಎಣ್ಣೆಗಳೆಲ್ಲ ಜಿಗುಟಾಗುತ್ತವೆ. ಹೊಲಿಗೆ ಯಂತ್ರದ ಎಣ್ಣೆ ಖನಿಜ ಎಣ್ಣೆ, ತುರ್ತಿಗೆ ನಡೆದೀತು. ಆದರೆ ತೀರಾ ತೆಳು, ಬೇಗ ಆರುತ್ತದೆ. ಗ್ಯಾರೇಜಿನ ಡಬ್ಲ್ಯುಡಿ-40 ಹುಟ್ಟಿದ್ದೇ ನೀರನ್ನು ಓಡಿಸಲು. ಅದನ್ನೇ ಖಾಯಂ ಎಣ್ಣೆ ಮಾಡಿಕೊಳ್ಳಬಾರದು.

ನಮ್ಮ ಸೇನೆ, ಪೊಲೀಸರ ಆಯುಧ ಕೋಣೆಗಳಲ್ಲಿ ತಲೆಮಾರುಗಳಿಂದ ಕೇಳಿಬರುವ ಹೆಸರು ರಂಗೂನ್ ಆಯಿಲ್. ಬರ್ಮಾದ ಎಣ್ಣೆಬಾವಿಗಳ ನೆನಪು ಆ ಹೆಸರಿನಲ್ಲಿದೆ. ಇಂದು ಬಂದೂಕು ಅಂಗಡಿಗಳಲ್ಲಿ ಆಯುಧಕ್ಕೆಂದೇ ತಯಾರಾದ ಎಣ್ಣೆಗಳಿವೆ. ಕೈಪಿಡಿ ಹೇಳಿದ್ದನ್ನೇ ತನ್ನಿ.

ಜೋಡಿಸಿದ ಮೇಲೆ ಸ್ಲೈಡನ್ನು ನಾಲ್ಕೈದು ಸಲ ಎಳೆದು ಬಿಡಿ. ತಡೆಯಿಲ್ಲದೆ ಓಡಬೇಕು. ಸೇಫ್ಟಿ ಸರಿಯಾಗಿ ಕೂರಬೇಕು. ಇಣುಕಿದ ಹೆಚ್ಚುವರಿ ಎಣ್ಣೆಯನ್ನು ಒರೆಸಿ.

---
ಬದಿನೋಟ: ಚರಿತ್ರೆ ಬದಲಿಸಿದ ಜಿಡ್ಡು

1857ರ ಜನವರಿ. ಕಲ್ಕತ್ತೆಯ ಬಳಿಯ ಡಮ್‌ಡಮ್‌ನಲ್ಲಿ ಸಿಪಾಯಿಗಳಿಗೆ ಹೊಸ ಎನ್‌ಫೀಲ್ಡ್ ಬಂದೂಕಿನ ತರಬೇತಿ. ಕಾಗದದ ತೋಟಾ ಸಲೀಸಾಗಿ ಇಳಿಯಲೆಂದು ಅದಕ್ಕೆ ಜಿಡ್ಡು ಸವರಿತ್ತು. ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು. ಜಿಡ್ಡು ಹಸು, ಹಂದಿಯದು ಎಂಬ ಸುದ್ದಿ ಹಬ್ಬಿತು. ಸಿಪಾಯಿಗಳೇ ಜೇನುಮೇಣ, ಎಣ್ಣೆ ಬೆರೆಸಿ ಹಚ್ಚಿಕೊಳ್ಳಲಿ ಎಂದು ಸರ್ಕಾರ ಹೇಳಿದರೂ ನಂಬಿಕೆ ಮುರಿದುಹೋಗಿತ್ತು. ಮೇ 10ರಂದು ಮೀರತ್ ಸಿಡಿಯಿತು.

ಬಂಡಾಯದ ಬೆನ್ನಿಗೇ ಜನರ ಆಯುಧ ಕಸಿಯುವ ಕಾಯ್ದೆ ಬಂತು. ಅದನ್ನು ಒಪ್ಪದ ಮುಧೋಳದ ಹಲಗಲಿಯ ಬೇಡರು ಅದೇ ವರ್ಷದ ನವೆಂಬರ್‌ನಲ್ಲಿ ಹೋರಾಡಿ ಮಡಿದರು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆ ಕಾಯ್ದೆಯಿಂದ ವಿನಾಯಿತಿ ಕೊಟ್ಟರು.
---

ಕುಂಕುಮ ಎಲ್ಲಿ ಇಡಬೇಕು?

ಒರೆಸಿ ಎಣ್ಣೆ ಹಾಕಿದ ಪಿಸ್ತೂಲು ಈಗ ಪೂಜೆಗೆ ಹೋಗುತ್ತದೆ. ಗಂಧ ನೀರಿನಲ್ಲಿ ತೇಯ್ದದ್ದು. ಕುಂಕುಮ, ಅರಿಸಿನ ನುಣುಪಾದ ಪುಡಿ. ತೀರ್ಥದ ಹನಿ, ಹೂವಿನ ತೇವ ಬೇರೆ. ಇವು ಉಕ್ಕಿನ ಮೇಲೆ ಒಂದು ರಾತ್ರಿ ಉಳಿದರೂ ಕಲೆ ಬೀಳುತ್ತದೆ. ಪುಡಿ ಸ್ಲೈಡಿನ ಸಂದಿಗೆ ಇಳಿದು ಎಣ್ಣೆಯಲ್ಲಿ ಕಲಸಿದರೆ ಮರಳು ಕಾಗದದ ಕೆಲಸ ಮಾಡುತ್ತದೆ.

ಪೂಜೆ ಬಿಡಬೇಕಾಗಿಲ್ಲ, ಜಾಗ ಆರಿಸಿದರೆ ಸಾಕು. ಕೋವಿಯಾದರೆ ಮರದ ಹಿಡಿಗೆ ತಿಲಕ ಇಡಿ. ಪಿಸ್ತೂಲಾದರೆ ಪೆಟ್ಟಿಗೆಯ ಮುಚ್ಚಳಕ್ಕೆ ಕುಂಕುಮ ಇಡಿ, ಹೂವನ್ನು ಪಕ್ಕದಲ್ಲಿಡಿ. ನಳಿಗೆಯ ಬಾಯಿಗೆ, ಸ್ಲೈಡಿನ ಕಿಂಡಿಗೆ ಏನನ್ನೂ ಸಿಕ್ಕಿಸಬೇಡಿ. ಪೂಜೆಯಲ್ಲಿ ಇಡುವಾಗಲೂ ಅದು ಖಾಲಿಯಾಗಿರಲಿ, ಮ್ಯಾಗಜಿನ್ ಬೇರೆಯಿರಲಿ. ಆರತಿಗೆ ಮನೆಮಂದಿಯೆಲ್ಲ ಅದರ ಎದುರೇ ನಿಂತಿರುತ್ತಾರೆ. ಮಂಗಳಾರತಿಯಾದ ದಿನವೇ ಒರೆಸಿ, ಎಣ್ಣೆ ಸೋಕಿಸಿ, ಒಳಗಿಡಿ.

ಒಳಗಿಡುವಾಗ ಹೋಲ್‌ಸ್ಟರ್‌ನಿಂದ ಬೇರೆ ಮಾಡಿ. ಬೀಗದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲ ಹಾಕಿ. ಗುಂಡುಗಳಿಗೆ ಬೇರೆ ಬೀಗ, ಬೇರೆ ಜಾಗ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ಒರೆಸಿ. ಗುಂಡು ಹೊಡೆದ ದಿನ ಶುಚಿ ಮಾಡದೆ ಮಲಗಬೇಡಿ.

---
ಬದಿನೋಟ: ಕಾನೂನು ಏನು ಹೇಳುತ್ತದೆ?

- ಶಸ್ತ್ರಾಸ್ತ್ರ ಕಾಯ್ದೆ 1959ರದ್ದು. 2019ರ ತಿದ್ದುಪಡಿಯ ಪ್ರಕಾರ ಒಬ್ಬರು ಹೊಂದಬಹುದಾದ ಬಂದೂಕುಗಳು ಮೂರರಿಂದ ಎರಡಕ್ಕೆ ಇಳಿದವು.
- 9 ಮಿ.ಮೀ. ಪಿಸ್ತೂಲು ನಾಗರಿಕರಿಗೆ ನಿಷಿದ್ಧ ಬೋರ್. ಪಾಯಿಂಟ್ 32ಕ್ಕೆ ಪರವಾನಗಿ ಸಾಧ್ಯ.
- ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.
- ಕೊಡವರಿಗೆ, ಜಮ್ಮಾ (ಪರಂಪರಾಗತ ಭೂಮಿ) ಹಿಡುವಳಿದಾರರಿಗೆ ಬಂದೂಕು ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.
---

ಗೊತ್ತಿಲ್ಲದವರ ಕೈಗೆ ಬಂದರೆ

ಅಪ್ಪ ತೀರಿಕೊಂಡ ಮೇಲೆ ಬೀರು ತೆಗೆದರೆ ಅವರ ಪಿಸ್ತೂಲು ಸಿಗುತ್ತದೆ. ಮಗ ಬೆಂಗಳೂರಿನಲ್ಲಿ, ಮಗಳು ವಿದೇಶದಲ್ಲಿ. ಯಾರಿಗೂ ಅದನ್ನು ಬಿಚ್ಚಲು ಬಾರದು. ತುಂಬಿದೆಯೋ ಖಾಲಿಯೋ ಎಂದು ನೋಡಲೂ ಬಾರದು. ಕೊಡಗು, ಮಲೆನಾಡಿನ ಎಸ್ಟೇಟುಗಳಲ್ಲಿ ಇಂಥ ಮನೆಗಳು ಹೆಚ್ಚುತ್ತಿವೆ. ಹಬ್ಬಕ್ಕೆ ಬಂದವರು ಯೂಟ್ಯೂಬ್ ನೋಡಿಕೊಂಡು ಅಂಥ ಪಿಸ್ತೂಲನ್ನು ಶುಚಿ ಮಾಡಲು ಹೊರಟರೆ ಅದು ಅಪಾಯದ ದಾರಿ.

ಅಂಥವರು ಅದನ್ನು ಮುಟ್ಟದೆ ಠಾಣೆಗೆ ತಿಳಿಸಲಿ. ಬಲ್ಲವರಿಂದ ಖಾಲಿ ಮಾಡಿಸಿ ಠಾಣೆಗೋ ಅಧಿಕೃತ ಮಾರಾಟಗಾರರಿಗೋ ಒಪ್ಪಿಸಲಿ. ಇಟ್ಟುಕೊಳ್ಳುವ ಮನಸ್ಸಿದ್ದರೆ ತಮ್ಮ ಹೆಸರಿಗೆ ಪರವಾನಗಿ ಪಡೆಯಲಿ, ತರಬೇತಿ ಪಡೆಯಲಿ. ಹಿರಿಯರ ಆಯುಧ ಎಂಬ ಅಭಿಮಾನ ದೊಡ್ಡದೇ. ಅದನ್ನು ಸುರಕ್ಷಿತವಾಗಿ ಹಿಡಿಯುವ ವಿದ್ಯೆ ಆಯುಧದ ಜೊತೆ ತಾನಾಗಿ ಬರುವುದಿಲ್ಲ, ಬದುಕಿದ್ದಾಗಲೇ ಹಿರಿಯರು ಕಲಿಸಬೇಕು.

ಹಾಗಾಗಿ ಈ ಹಬ್ಬಕ್ಕೆ ಪರವಾನಗಿ ಇರುವ ಪ್ರತಿ ಹಿರಿಯರಿಗೂ ಒಂದು ಕೋರಿಕೆ. ಒರೆಸುವ ಕೆಲಸವನ್ನು ಒಬ್ಬರೇ ಕೂತು ಮುಗಿಸಬೇಡಿ. ಬೆಳೆದ ಮಕ್ಕಳನ್ನು ಎದುರಿಗೆ ಕೂರಿಸಿಕೊಳ್ಳಿ. ಚೇಂಬರ್ ನೋಡುವುದನ್ನು ಮೊದಲು ತೋರಿಸಿ, ಎಣ್ಣೆಯ ಹದವನ್ನು ಕೊನೆಗೆ ತೋರಿಸಿ. ಮುಂದೆ ಅವರು ಆಯುಧ ಇಟ್ಟುಕೊಳ್ಳಲಿ, ಒಪ್ಪಿಸಿಬಿಡಲಿ, ಅದು ಅವರ ತೀರ್ಮಾನ. ಮನೆಯಲ್ಲಿರುವ ಆಯುಧದ ಮುಂದೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಮಾತ್ರ ಅವರು ನಿಮ್ಮಿಂದಲೇ ಕಲಿಯಲಿ.